ಮನೆ ನೋಡುವ ಶಾಸ್ತ್ರ

ಹೊಸಕೋಟೆ
9 ಜೂನ್ 2024

ಅಮ್ಮನಿಗೆ,

ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದೇನೆ ಎಂದು ಗಾಬರಿಯಾಗಬೇಡ. ಆರೋಗ್ಯವಾಗಿದ್ದೇನೆ. ಫೋನಿನಲ್ಲಾದರೆ ಮೂರನೆಯ ಮಾತಿಗೇ ನಮ್ಮಿಬ್ಬರಿಗೂ ಜಗಳ ಹತ್ತಿಕೊಳ್ಳುತ್ತದೆ, ಯಾರಾದರೊಬ್ಬರು ಕಟ್ ಮಾಡುತ್ತೇವೆ. ಅದೂ ಅಲ್ಲದೆ ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ವಸಂತ, ನವ್ಯಶ್ರೀ ಕೇಳಿಸಿಕೊಂಡರೆ ನನಗೇನೂ ಇಲ್ಲ, ತಮ್ಮ ಮತ್ತು ತಮ್ಮನ ಹೆಂಡತಿ. ಘಾಟಿಯಲ್ಲಿ ನಮ್ಮ ಅಂಗಡಿಗೆ ಹಣ್ಣುಕಾಯಿ ಕೊಳ್ಳಲು ಬಂದ ಭಕ್ತರೆಲ್ಲ ಯಾಕೆ ಕೇಳಬೇಕು? ಕಾಗದವಾದರೆ ನೀನು ಗಲ್ಲಾಪೆಟ್ಟಿಗೆಯ ಪಕ್ಕ ಕನ್ನಡಕ ಹಾಕಿಕೊಂಡು ಒಬ್ಬಳೇ ಓದಬಹುದು.

ವಿಷಯ ಇಷ್ಟು. ನಾನೊಂದು ಮನೆ ಕೊಳ್ಳಬೇಕೆಂದಿದ್ದೇನೆ. ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದಾರೆ. ಗಂಡನ ಮನೆ ಬಿಟ್ಟು ಈ ಬಾಡಿಗೆ ರೂಮಿಗೆ ಬಂದು ಎರಡು ವರ್ಷವಾಯಿತು. ಇವತ್ತಿಗೂ ಓನರ್ ಆಂಟಿ ‘ಯಜಮಾನ್ರು ಯಾವಾಗ್ ಬರ್ತಾರಮ್ಮ?’ ಎಂದು ಕೇಳುವುದು ಬಿಟ್ಟಿಲ್ಲ. ನನ್ನದೇ ಬಾಗಿಲು, ನನ್ನದೇ ಬೀಗ ಬೇಕು ಅನ್ನಿಸಿದೆ.

ನೀನು ಏನು ಹೇಳುತ್ತೀಯ ಅಂತ ಗೊತ್ತು. ‘ನಿಂಗೊಂದು ಮನೆ ಇದ್ದೇ ಇದೆಯಲ್ಲ’ ಅನ್ನುತ್ತೀಯ. ಆ ಮನೆಗೆ ನಾನು ಹೋಗುವುದಿಲ್ಲ. ಆದರೆ ನಿನಗೆ ಬೇಡದ ಮನೆಯನ್ನು ಕೊಳ್ಳುವುದಕ್ಕೂ ಮನಸ್ಸಿಲ್ಲ. ನಾನು ರೂಮು ಮಾಡಿದ ಮೇಲೆ ನೀನು ಒಂದು ಸಲವೂ ಬಂದಿಲ್ಲ, ನನ್ನ ಕೈ ಅಡುಗೆ ಉಂಡಿಲ್ಲ. ಕೊಳ್ಳುವ ಮನೆಗಾದರೂ ಬಂದು ಒಪ್ಪಿ, ಒಂದು ತುತ್ತು ಉಣ್ಣಬೇಕು. ನನ್ನ ಆಸೆ ಅದೊಂದೇ.

ಮೊನ್ನೆ ಶ್ರೀಧರ್ ಎನ್ನುವ ಬ್ರೋಕರ್ ಒಂದು ಮನೆ ತೋರಿಸಿದ. ಹಾಲ್, ಒಂದು ಕೋಣೆ, ಅಡುಗೆಮನೆ. ಒಂದು ಗೋಡೆಗೆ ಆಗತಾನೇ ಪೇಂಟ್ ಬಳಿದಿದ್ದಾರೆ, ಚೆನ್ನಾಗಿ ಕಾಣುತ್ತದೆ. ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಬೆಳಗಿಂದ ಸಂಜೆವರೆಗೂ ಪಾರ್ಟ್‌ಗಳಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಮನೆಯ ಮುಂದೆ ನಿಂತರೆ ಮಾತ್ರ ಏನು ಹುಡುಕಬೇಕೆಂದೇ ತೋಚಲಿಲ್ಲ. ನೀನು ಹೇಳು.

ನಿನ್ನ,
ಚೈತ್ರ

---

ಘಾಟಿ
20 ಜೂನ್ 2024

ಚಿ. ಸೌ. ಚೈತ್ರಳಿಗೆ ನಿನ್ನ ತಾಯಿ ಭಾಗ್ಯಮ್ಮ ಮಾಡುವ ಆಶೀರ್ವಾದ.

ಪೋಸ್ಟಿನವನು ಕಾಗದ ಕೊಟ್ಟಾಗ ಕೋರ್ಟಿನದೇನೋ ಬಂತೆಂದು ಎದೆ ಧಸಕ್ಕೆಂದಿತು. ನಿನ್ನ ಅಕ್ಷರ ನೋಡಿ ಜೀವ ಬಂತು. ಆಮೇಲೆ ಓದಿದೆ, ಬಂದ ಜೀವ ಮತ್ತೆ ಹೋಯಿತು.

ಮನೆ ನೋಡುವುದು ಹೇಗೆಂದು ನನ್ನನ್ನು ಕೇಳುತ್ತೀಯಲ್ಲ, ನಾನು ಯಾವ ಮನೆ ನೋಡಿ ಆರಿಸಿದವಳು? ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡುವ ಶಾಸ್ತ್ರವೇನೋ ಉಂಟು. ಅದಕ್ಕೆ ಹೋಗುವವರು ಗಂಡಸರು. ಹೋಗಿ ಎಲ್ಲ ನೋಡುತ್ತಾರೆ, ಮನಸ್ಸಿಗೆ ಬಂದರೆ ಅಲ್ಲೇ ಊಟ ಮಾಡುತ್ತಾರೆ. ಬರದಿದ್ದರೆ ನೀರೂ ಮುಟ್ಟದೆ, ಏನೋ ನೆಪ ಹೇಳಿ ಎದ್ದು ಬರುತ್ತಾರೆ. ನಾವು ಹೆಂಗಸರು ಮನೆಯಲ್ಲಿ ಕಾದಿದ್ದು, ಬಂದವರನ್ನು ‘ಉಂಡ್ರಾ?’ ಅಂತ ಕೇಳುತ್ತೇವೆ. ಉಂಡೆವು ಎಂದರೆ ಮದುವೆ.

ಆದರೂ ಇಷ್ಟು ವರ್ಷ ಒಂದು ಮನೆಯನ್ನು ಗುಡಿಸಿ ಸಾರಿಸಿದವಳು, ನನಗೆ ತಿಳಿದದ್ದು ಹೇಳುತ್ತೇನೆ. ನಾಲ್ಕು ಗೋಡೆಯಲ್ಲಿ ಒಂದಕ್ಕೆ ಮಾತ್ರ ಯಾಕೆ ಬಣ್ಣ ಬಳಿದರು? ಅಂಗೈ ಇಟ್ಟು ನೋಡು, ತಣ್ಣಗಿದ್ದರೆ ಒಳಗೆ ನೀರಿದೆ. ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸು. ಅಲ್ಲಿಯ ನೀರನ್ನು ಒಂದು ಬಾಟಲಿಯಲ್ಲಿ ತಂದು ತೊಗರಿಬೇಳೆ ಬೇಯಿಸು. ಬೇಳೆ ಬೇಯದ ನೀರಿರುವ ಮನೆಯಲ್ಲಿ ಸಂಸಾರ ಮಾಡಲಾಗುವುದಿಲ್ಲ. ಬಿಸಿಲಿನಲ್ಲಿ ನೋಡಿದ ಮನೆಯನ್ನು ಇನ್ನೊಂದು ಸಲ ಮಳೆ ಬಂದಾಗ ಹೋಗಿ ನೋಡು.

ಇಷ್ಟೆಲ್ಲ ಬರೆದಳು ಎಂದ ಮಾತ್ರಕ್ಕೆ ಅಮ್ಮ ಒಪ್ಪಿದಳು ಅಂದುಕೊಳ್ಳಬೇಡ. ಅಳಿಯಂದಿರು ಮೊನ್ನೆ ವಸಂತನಿಗೆ ಫೋನು ಮಾಡಿ ‘ಅವ್ಳೇ ಬಂದ್ರೆ ನಾನೇನ್ ಬೇಡ ಅನ್ನಲ್ಲ’ ಅಂದರಂತೆ. ಸಿಟ್ಟು ಇಳಿದಿರಬೇಕು. ಮನೆ ಕೊಂಡುಬಿಟ್ಟರೆ ಆ ಬಾಗಿಲು ಮುಚ್ಚಿಹೋಗುತ್ತದೆ ಕಣೇ. ಯೋಚನೆ ಮಾಡು.

ಇಂತಿ ಆಶೀರ್ವಾದಗಳು,
ಭಾಗ್ಯಮ್ಮ

---

ಹೊಸಕೋಟೆ
14 ಜುಲೈ 2024

ಅಮ್ಮನಿಗೆ,

ಗೋಡೆಯ ಮೇಲೆ ಕೈಯಿಟ್ಟೆ. ತಣ್ಣಗಿರುವುದಿರಲಿ, ಕೈಗೆ ಪೇಂಟೇ ಬಂತು. ಆಚೆ ಕಡೆ ಪಕ್ಕದವರ ಬಚ್ಚಲುಮನೆ ಇದೆಯಂತೆ. ‘ಮಳೆಗಾಲ ಅಲ್ವಾ ಮೇಡಂ, ಎಲ್ಲಾ ಗೋಡೆನೂ ಒಂಚೂರು ಬೆವರ್ತವೆ’ ಅಂದ ಶ್ರೀಧರ್. ಬೆವರುವ ಗೋಡೆ ಬೇಡ ಎಂದು ಬಂದೆ.

ಆಮೇಲೆ ಬೂದಿಗೆರೆ ಕಡೆ ಹೊಸ ಲೇಔಟಿನಲ್ಲಿ ಒಂದು ಮನೆ. ನೋಡಿದ ಕೂಡಲೇ ಮನಸೋತೆ. ಮುಂದೆ ದಾಸವಾಳ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಬಾಟಲಿಗೆ ನೀರು ಹಿಡಿದಾಗ ಶ್ರೀಧರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ಬೇಳೆ ಬೇಯ್ಸಕ್ಕೆ’ ಅಂದೆ. ಬೇಳೆ ಚೆನ್ನಾಗಿಯೇ ಬೆಂದಿತು. ನೀನು ಹೇಳಿದ ಹಾಗೆ ಜೋರು ಮಳೆ ಬಂದ ದಿನ ಮತ್ತೆ ಹೋದರೆ ಗೇಟಿನ ಮುಂದೆ ಮೊಣಕಾಲುದ್ದ ನೀರು. ಎದುರು ಮನೆಯ ಹೆಂಗಸು ಮಹಡಿಯಿಂದಲೇ ಕೂಗಿದಳು: ‘ಪ್ರತಿ ಸಲಾನೂ ಹಿಂಗೇಯಾ! ತಗೋಬ್ಯಾಡಿ!’ ಆ ಪುಣ್ಯಾತಗಿತ್ತಿಯ ಹೆಸರು ಕೇಳಬೇಕಿತ್ತು.

ಈಗ ಹೊಸಕೋಟೆಯಲ್ಲೇ ಮೂರನೆಯದೊಂದು ಸಿಕ್ಕಿದೆ. ಮೊದಲ ಮಹಡಿ, ಎರಡು ಕೋಣೆ. ಗೋಡೆ ಒಣಗಿದೆ, ಬೇಳೆ ಬೆಂದಿದೆ, ಮಳೆಯ ದಿನವೂ ನೋಡಿದ್ದೇನೆ. ಎರಡನೆಯ ಕೋಣೆ ನಿನಗೆ ಅಂದುಕೊಂಡಿದ್ದೇನೆ. ಬಂದು ನೋಡಿ ಹೋಗು. ಮಾಲೀಕರಿಗೆ ಸ್ವಲ್ಪ ದಿನ ಕಾಯಲು ಹೇಳಿದ್ದೇನೆ.

ನಿನ್ನ ಅಳಿಯಂದಿರು ಬೇಡ ಅನ್ನದೇ ಇದ್ದರೆ ಸಾಕೇನಮ್ಮ?

ನಿನ್ನ,
ಚೈತ್ರ

---

ಘಾಟಿ
2 ಆಗಸ್ಟ್ 2024

ಚಿ. ಸೌ. ಚೈತ್ರಳಿಗೆ ಆಶೀರ್ವಾದ.

ಆಷಾಢದಲ್ಲಿ ಯಾರಾದರೂ ಮನೆ ವಿಚಾರ ಎತ್ತುತ್ತಾರೆಯೇ? ಮೊದಲ ಮಹಡಿ ಅನ್ನುತ್ತೀಯ, ನನ್ನ ಮಂಡಿ ಮೆಟ್ಟಿಲು ಹತ್ತುವುದಿಲ್ಲ. ಬಾಗಿಲು ಯಾವ ದಿಕ್ಕಿಗೆ ಎಂದು ಬರೆದೇ ಇಲ್ಲ, ದಕ್ಷಿಣಕ್ಕಿರಬೇಕು, ಇಲ್ಲದಿದ್ದರೆ ನೀನು ಬರೆಯುತ್ತಿದ್ದೆ. ಒಬ್ಬಳಿಗೆ ಎರಡು ಕೋಣೆ ಯಾಕೆ? ಮೇಲೆ ಸಿಂಟೆಕ್ಸ್ ಇದ್ದರೆ ಸೋರುತ್ತದೆ, ಇಲ್ಲದಿದ್ದರೆ ನೀರಿಗೆ ತೊಂದರೆ.

ಗೃಹಪ್ರವೇಶಕ್ಕೆ ಗಂಡಹೆಂಡತಿ ಜೋಡಿಯಾಗಿ ಕೂರಬೇಕು. ನೀನು ಯಾರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೀಯ? ಬಂದ ನೆಂಟರು ಕೇಳಿದರೆ ನಾನು ಏನು ಹೇಳಲಿ? ಅಂಗಡಿಯಲ್ಲಿ ದಿನಕ್ಕೆ ಹತ್ತು ಜನ ‘ಮಗಳು ಹೇಗಿದ್ದಾಳೆ’ ಅನ್ನುತ್ತಾರೆ. ‘ಗಂಡನ ಮನೇಲವ್ಳೆ’ ಅಂತಲೇ ಇವತ್ತಿಗೂ ಹೇಳುತ್ತಿದ್ದೇನೆ. ಸಂಸಾರ ಅಂದಮೇಲೆ ಸಣ್ಣಪುಟ್ಟ ಮಾತು ಬರುತ್ತದೆ.

ಈ ಮನೆ ಬೇಡ.

ಭಾಗ್ಯಮ್ಮ

---

ಹೊಸಕೋಟೆ
25 ಆಗಸ್ಟ್ 2024

ಅಮ್ಮನಿಗೆ,

ಬಾಗಿಲು ಪೂರ್ವಕ್ಕೇ ಇತ್ತು. ನಿನಗಾಗಿ ಕಾಯುತ್ತ ಕೂತೆ, ಮನೆಯನ್ನು ಬೇರೆಯವರು ತೆಗೆದುಕೊಂಡರು. ನಿನಗೆ ಸಮಾಧಾನವಾಗಿರಬೇಕು.

ನೀನು ಮನೆಯಲ್ಲಿ ತಪ್ಪು ಹುಡುಕುತ್ತಿಲ್ಲ ಎಂದು ನನಗೆ ತಿಳಿಯದೇ? ನಾಳೆ ಅರಮನೆಯನ್ನೇ ತೋರಿಸಿದರೂ ಅದರ ಬಾಗಿಲು ದಕ್ಷಿಣಕ್ಕೇ ಇರುತ್ತದೆ. ನನಗೆ ನಿನ್ನ ಮೇಲೆ ತುಂಬ ಸಿಟ್ಟು ಬಂದಿದೆ. ಅದನ್ನು ಮುಚ್ಚಿಟ್ಟುಕೊಂಡು ಬರೆಯಲಾರೆ.

ನನ್ನ ಮದುವೆಗೆ ಮೊದಲು ಆ ಮನೆ ನೋಡಲು ಹೋದರಲ್ಲ, ಅವರು ಏನು ನೋಡಿ ಬಂದರು? ಅಪ್ಪಯ್ಯಣ್ಣ ಮಾವ ವಾಪಸು ಬಂದು ‘ಭರ್ಜರಿ ಮನೆ’ ಅಂದದ್ದು ಮಾತ್ರ ನನಗೆ ನೆನಪಿದೆ. ಭರ್ಜರಿಯಾಗಿಯೇ ಇತ್ತು. ಗೋಡೆ ಒಂದೂ ಬೆವರುತ್ತಿರಲಿಲ್ಲ, ಮಳೆ ನೀರು ಎಲ್ಲೂ ನಿಲ್ಲುತ್ತಿರಲಿಲ್ಲ.

ನೀನು ಸಣ್ಣಪುಟ್ಟ ಮಾತು ಅಂತ ಬರೆದಿದ್ದೀಯ. ಮಾತಲ್ಲಮ್ಮ, ಅವರು ಕೈ ಮಾಡುತ್ತಿದ್ದರು. ಇದನ್ನು ಮೊದಲೂ ಹೇಳಿದ್ದೇನೆ, ನೀನು ಹೌದು ಅಂದಿಲ್ಲ, ಇಲ್ಲ ಅಂದಿಲ್ಲ. ಹೇಳದೇ ಇದ್ದದ್ದು ಒಂದಿದೆ. ಒಂದು ದಿನ ನಾನು ಕಿರುಚಿಕೊಂಡೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಕಿರುಚಿದ್ದು ಅವರಿಗೆ ಕೇಳಿಸಿತು. ಕೇಳಿಸಿದ್ದು ನನಗೆ ಹೇಗೆ ಗೊತ್ತೆಂದರೆ, ಆ ಕೂಡಲೇ ಅವರು ಟಿ.ವಿ. ಸದ್ದು ಜಾಸ್ತಿ ಮಾಡಿದರು. ಮಾರನೆಯ ದಿನ ಆಕೆಯೇ ನಗುತ್ತಾ ಬಂದು ಮೊಸರಿಗೆ ಹೆಪ್ಪು ಕೇಳಿದಳು. ಆವತ್ತೇ ನಾನು ಬಟ್ಟೆ ಕಟ್ಟಿಕೊಂಡು ಹೊರಟದ್ದು.

ಆ ಬಾಗಿಲು ಮುಚ್ಚಿಹೋಗಲಿ ಎಂದೇ ನಾನು ಮನೆ ಹುಡುಕುತ್ತಿರುವುದು.

ಚೈತ್ರ

---

ಘಾಟಿ
14 ನವೆಂಬರ್ 2024

ಚೈತ್ರಳಿಗೆ,

ಗೌರಿಹಬ್ಬ, ದಸರಾ, ದೀಪಾವಳಿ ಎಲ್ಲ ಕಳೆದವು. ನಿನಗೆ ಬರೆಯಲು ಕೂತದ್ದು ಅದೆಷ್ಟು ಸಲವೋ. ನವ್ಯಶ್ರೀ ‘ಅತ್ತೆ, ಫೋನ್ ಹಚ್ಚಿಕೊಡ್ಲಾ?’ ಅಂತ ಕೇಳಿದಳು. ಬೇಡ ಅಂದೆ. ಫೋನಿನಲ್ಲಿ ಅತ್ತರೆ ನಿನಗೆ ಕೇಳಿಸುತ್ತಿತ್ತು.

ಅಣ್ಣನನ್ನು ಕೇಳಿದೆ. ನಿಮ್ಮಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಹಿರಿಯ ಅಂತ ಇದ್ದವನು ಅವನೊಬ್ಬನೇ, ಆ ಮನೆ ನೋಡಲು ಹೋದವನೂ ಅವನೇ. ಮೊನ್ನೆ ಅಂಗಡಿಗೆ ಬಂದಾಗ ಹಿಡಿದು ಕೂರಿಸಿ, ‘ಅವತ್ತು ನೀನು ಏನೇನ್ ನೋಡ್ದೆ, ಒಂದೂ ಬಿಡ್ದಂಗೆ ಹೇಳು’ ಅಂದೆ. ಮೊದಲು ನಕ್ಕ, ಆಮೇಲೆ ಹೇಳಿದ. ಬಸ್ಸು ದಾರಿಯಲ್ಲಿ ಕೆಟ್ಟು ಇವರು ಅಲ್ಲಿಗೆ ತಲುಪಿದಾಗ ಊಟದ ಹೊತ್ತು ಮೀರಿತ್ತಂತೆ. ಬಾಗಿಲಲ್ಲೇ ನಾಟಿಕೋಳಿ ಸಾರಿನ ಘಮ. ‘ಮೊದ್ಲು ಕೈ ತೊಳ್ಕಳಿ, ಆಮೇಲೆ ಮನೆ ನೋಡೋರಂತೆ’ ಅಂದರಂತೆ ಅವರು.

‘ಹಸ್ದಿದ್ವಿ ಕಣಮ್ಮ. ಉಂಡ್ಬುಟ್ವಿ,’ ಅಂದ ಅಣ್ಣ. ‘ಉಂಡ್ಮೇಲೆ ಇನ್ನೇನ್ ನೋಡೋದು? ಒಪ್ದಂಗೇ ಅಲ್ವಾ? ಎಲೆಅಡ್ಕೆ ಹಾಕ್ಕಂಡು ಜಗಲಿ ಮೇಲೆ ಕೂತ್ವಿ. ಒಳ್ಗಡೆ ಯಾವ್ದೋ ಪಾತ್ರೆ ಎಸ್ದಂಗೆ ಸದ್ದಾಯ್ತು, ಹೆಂಗಸ್ರ ಮಾತು ನಿಂತೋಯ್ತು. ಏನು ಅಂತ ಕೇಳ್ಬೇಕು ಅನ್ನುಸ್ತು. ಅವ್ರ ಅನ್ನ ಹೊಟ್ಟೇಲಿತ್ತು, ಹೆಂಗ್ ಕೇಳ್ಲಿ?’

ಅಷ್ಟೇ ಚೈತ್ರ. ನಡುಮನೆಯನ್ನೂ ದಾಟಿ ಒಳಗೆ ಹೋಗಲಿಲ್ಲವಂತೆ. ಬೆಳಗ್ಗೆಯೇ ನಿನಗೆ ಹೂ ಮುಡಿಸಿ ಬಾಗಿಲಲ್ಲಿ ಕಾಯುತ್ತಿದ್ದ ನಾನು ‘ಉಂಡ್ರಾ?’ ಅಂದೆ, ಅವನು ‘ಉಂಡ್ವಿ’ ಅಂದ, ನಾನು ದೇವರಿಗೆ ದೀಪ ಹಚ್ಚಿದೆ. ಇದನ್ನು ಕೇಳಿದ ಮೇಲೆ ಅಣ್ಣನನ್ನು ಬೈಯಬೇಕು ಅಂದುಕೊಂಡೆ, ಅವನ ಮುಖ ನೋಡಿ ಬೈಯಲಾಗಲಿಲ್ಲ. ಊಟಕ್ಕೆ ನಿಲ್ಲು ಅಂದೆ. ಅವನು ನಿಲ್ಲಲಿಲ್ಲ.

ಟಿ.ವಿ. ಸದ್ದಿನ ವಿಷಯ ಓದಿದ ದಿನದಿಂದ ನಮ್ಮ ಮನೆಯಲ್ಲಿ ಟಿ.ವಿ. ಹಾಕಿದರೆ ನಾನು ಎದ್ದು ಅಂಗಳಕ್ಕೆ ಹೋಗುತ್ತೇನೆ.

ಬೇರೆ ಮನೆ ನೋಡಿದ್ದೀಯಾ? ನೋಡಿದ್ದರೆ ಬರೆ. ಈ ಸಲ ಶಾಸ್ತ್ರಕ್ಕೆ ನಾನೇ ಬರುತ್ತೇನೆ. ನಾನು ಬಂದು ಎಲ್ಲ ನೋಡಿ ಮುಗಿಸುವವರೆಗೆ ಒಲೆ ಹಚ್ಚಬೇಡ. ಒಂದು ಲೋಟ ನೀರೂ ಕೊಡಬೇಡ.

ನಿನ್ನ ಅಮ್ಮ,
ಭಾಗ್ಯಮ್ಮ

---

ಹೊಸಕೋಟೆ
2 ಡಿಸೆಂಬರ್ 2024

ಅಮ್ಮ,

ನಿನ್ನ ಕಾಗದ ಓದಿ ಫ್ಯಾಕ್ಟರಿಗೆ ರಜೆ ಹಾಕಿದೆ. ಮಾವನ ಮೇಲೆ ನನಗೆ ಸಿಟ್ಟಿಲ್ಲವೆಂದು ಹೇಳು. ಅವರ ಮುಂದೆ ಕೋಳಿಸಾರು ಇಟ್ಟರೆ ಅವರಿಂದ ಬೇರೆ ಏನನ್ನೂ ನೋಡಲಾಗುವುದಿಲ್ಲ ಎಂದು ನಮಗೆಲ್ಲ ಮೊದಲೇ ಗೊತ್ತಿತ್ತು.

ಮನೆಯೊಂದಿದೆ. ಹಳೆಯದು, ನೆಲಮಟ್ಟದ್ದು. ನಿನ್ನ ಮಂಡಿಗೆ ತೊಂದರೆಯಿಲ್ಲ. ಹಿತ್ತಲಲ್ಲಿ ನುಗ್ಗೆಮರವಿದೆ. ವಯಸ್ಸಾದ ದಂಪತಿ ಇದ್ದರು, ಮಗನ ಜೊತೆ ಇರಲು ಹೊರಟಿದ್ದಾರೆ. ಖಾತೆ, ಕ್ರಯಪತ್ರ ಎಲ್ಲ ವಕೀಲರು ನೋಡಿದರು, ಅವರ ಹೆಣ್ಣುಮಕ್ಕಳೂ ಬಂದು ಸಹಿ ಹಾಕುತ್ತಾರಂತೆ. ಬೇಳೆ ಬೆಂದಿದೆ.

ಮಾಲೀಕರು ಬೀಗದ ಕೈ ಕೊಟ್ಟಿದ್ದಾರೆ. 15ನೇ ತಾರೀಕು ಭಾನುವಾರ ಬಾ. ಒಲೆ, ಅಕ್ಕಿ, ಪಾತ್ರೆ ತಂದಿಟ್ಟುಕೊಂಡಿರುತ್ತೇನೆ. ಹಚ್ಚುವುದಿಲ್ಲ.

ನಿನ್ನ,
ಚೈತ್ರ

---

ಹೊಸಕೋಟೆ
16 ಡಿಸೆಂಬರ್ 2024

ಅಮ್ಮ,

ನೀನು ಉಣ್ಣದೆ ಹೋದೆ.

ನೀನು ಗೋಡೆಗಳನ್ನೆಲ್ಲ ಮುಟ್ಟಿದೆ, ಕದಗಳನ್ನು ಹಾಕಿ ತೆಗೆದೆ, ಬಚ್ಚಲಿಗೆ ಒಂದು ಬಿಂದಿಗೆ ನೀರು ಸುರಿದು ಅದು ಹೋಗುವವರೆಗೂ ನಿಂತೆ. ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಬಿಸಿಲು ಎಲ್ಲಿಗೆ ಬರುತ್ತದೆ ಎಂದು ನೋಡಿದೆ. ನಿನ್ನ ಮುಖದಲ್ಲಿ ಇಷ್ಟವಾದದ್ದು ಕಾಣುತ್ತಿತ್ತು, ಕಂಡಿತು ಅಂತಲೇ ನಾನು ಅಂದುಕೊಂಡೆ. ಆಮೇಲೆ ನೀನು ಹೊರಗೆ ಬಂದು, ಎಡಗಡೆಯ ಮನೆಗೆ ಹಾಕಿದ್ದ ಬೀಗವನ್ನು ಅದೇಕೋ ಅಷ್ಟು ಹೊತ್ತು ನೋಡುತ್ತ ನಿಂತೆ. ‘ಇಲ್ಲಿ ಯಾರಿದಾರೆ?’ ಅಂತ ಕೇಳಿದೆ. ಗೊತ್ತಿಲ್ಲ ಅಂತ ನಾನಂದೆ. ‘ಬಸ್ಸಿಗೆ ಹೊತ್ತಾಯ್ತು’ ಅಂತ ನೀನು ಚಪ್ಪಲಿ ಮೆಟ್ಟಿಕೊಂಡೆ. ಅಷ್ಟು ದೂರ ಬಸ್ಸು ಬದಲಾಯಿಸಿ ಬಂದವಳು ನೀರೂ ಕುಡಿಯಲಿಲ್ಲ.

ನೀನು ಹೋದ ಮೇಲೆ ಹಚ್ಚದ ಒಲೆಯ ಮುಂದೆ ಕೂತು ಅತ್ತೆ. ಅತ್ತು ಮುಗಿದಾಗ ಒಂದು ವಿಚಾರ ಸ್ಪಷ್ಟವಾಗಿತ್ತು. ಈ ಮನೆ ನನಗೆ ಬೇಕು. ನೀನು ಉಂಡಿದ್ದರೆ ನನ್ನಷ್ಟು ಸಂತೋಷಪಡುವವರು ಯಾರೂ ಇರುತ್ತಿರಲಿಲ್ಲ. ಉಣ್ಣದಿದ್ದರೂ ಕೊಳ್ಳುತ್ತೇನೆ. ಈ ವಾರ ಮುಂಗಡ ಕೊಡುತ್ತಿದ್ದೇನೆ.

ನೀನು ಹುಷಾರಾಗಿ ಊರು ಸೇರಿದೆ ಎಂದು ವಸಂತ ಹೇಳಿದ.

ಚೈತ್ರ

---

ಘಾಟಿ
11 ಜನವರಿ 2025

ನನ್ನ ಮಗಳು ಚೈತ್ರಳಿಗೆ,

ಮೊದಲು ಮನೆಯ ವಿಷಯ. ಮನೆ ಚೆನ್ನಾಗಿದೆ. ಅವತ್ತೇ ಹಾಗನ್ನಿಸಿತ್ತು. ಅನ್ನಿಸಿದ್ದಕ್ಕೇ ಊಟಕ್ಕೆ ಕೂರಲು ಭಯವಾಯಿತು. ಉಂಡುಬಿಟ್ಟರೆ ಆಮೇಲೆ ಇನ್ನೇನನ್ನೂ ಕೇಳುವ ಹಾಗಿಲ್ಲ. ಗೋಡೆ, ನೀರು, ಬಿಸಿಲು ಎಲ್ಲ ನೋಡಿದ್ದೆ. ಪಕ್ಕದ ಮನೆ ನೋಡಿರಲಿಲ್ಲ. ಬೀಗ ಹಾಕಿತ್ತಲ್ಲ. ಇದನ್ನು ನಿನ್ನ ಮುಂದೆ ಹೇಳಿದ್ದರೆ ಟಿ.ವಿ. ಮಾತು ಬರುತ್ತಿತ್ತು, ನಾನು ಅಲ್ಲೇ ಕುಸಿದು ಕೂರುತ್ತಿದ್ದೆ. ಅದಕ್ಕೇ ಬಸ್ಸಿನ ನೆಪ ಹೇಳಿ ಎದ್ದು ಬಂದೆ.

ಮೊನ್ನೆ ನೀನು ಪಿಲ್ಲಗುಂಪೆಯಲ್ಲಿ ಕೆಲಸದಲ್ಲಿದ್ದಾಗ, ನಿನಗೆ ತಿಳಿಸದೆ ಮತ್ತೆ ಬಂದಿದ್ದೆ. ಕಂಡಕ್ಟರನಿಗೆ ಆಧಾರ್ ತೋರಿಸಿದರೆ ಹೆಂಗಸರಿಗೆ ಬಸ್ಸು ಪುಕ್ಕಟೆ, ಎಷ್ಟು ಸಲವಾದರೂ ಬರಬಹುದು. ಎಡಗಡೆಯ ಮನೆಯ ಬಾಗಿಲು ತೆರೆದಿತ್ತು. ನನ್ನ ವಯಸ್ಸಿನ ಒಬ್ಬಾಕೆ ಮೆಟ್ಟಿಲ ಮೇಲೆ ಕೂತು ಅವರೆಕಾಳು ಹಿದುಕುತ್ತಿದ್ದರು. ಆದಿಲಕ್ಷ್ಮಮ್ಮ ಅಂತ ಹೆಸರು. ನಾನೂ ಪಕ್ಕದಲ್ಲಿ ಕೂತು ಹಿದುಕತೊಡಗಿದೆ. ನೀವು ಯಾರು ಅಂತ ಆಕೆ ಕೇಳಿದ್ದು ಅರ್ಧ ಬೋಗುಣಿ ಮುಗಿದ ಮೇಲೆ.

‘ಪಕ್ಕದ್ ಮನೆ ತಗತಾ ಇರೋದು ನನ್ ಮಗ್ಳು. ಗಂಡನ್ನ ಬಿಟ್ಟು ಬಂದವ್ಳೆ. ಹೊಡೀತಿದ್ದ. ಇಲ್ಲಿ ಒಬ್ಳೇ ಇರ್ತಾಳೆ,’ ಅಂದೆ. ಈ ಮಾತನ್ನು ನಾನು ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿರಲಿಲ್ಲ. ಹೇಳಿದರೆ ಏನೋ ಆಗಿಬಿಡುತ್ತದೆ ಅಂದುಕೊಂಡಿದ್ದೆ. ಆಕೆ ಕೈಯನ್ನೂ ನಿಲ್ಲಿಸದೆ, ‘ಬಂದಿದ್ದು ಒಳ್ಳೇದಾಯ್ತು ಬಿಡಿ’ ಅಂದರು.

ಆಮೇಲೆ ನಾನು ಕೇಳಬೇಕೆಂದು ಬಂದದ್ದನ್ನು ಕೇಳಿದೆ. ‘ನನ್ ಮಗ್ಳು ಯಾವತ್ತಾದ್ರೂ ಕೂಗ್ಕೊಂಡ್ರೆ ಬರ್ತೀರಾ? ಒಂದಿನ ಬೆಳಿಗ್ಗೆ ಅವ್ಳು ಬಾಗ್ಲು ತೆಗೀನಿಲ್ಲ ಅಂದ್ರೆ ಬಂದು ತಟ್ತೀರಾ?’

ಆಕೆ ನನ್ನನ್ನೇ ನೋಡಿದರು. ‘ತಟ್ಟೋದಾ? ಬೆಳಿಗ್ಗೆ ನಲ್ಲೀಲಿ ನೀರ್ ಬಂತು ಅಂದ್ರೆ ಬೀದಿಗೆಲ್ಲಾ ಕೂಗಿ ಹೇಳೋಳು ನಾನೇ. ನಿಮ್ ಮಗ್ಳು ಓಗೊಡ್ನಿಲ್ಲ ಅಂದ್ರೆ ಸುಮ್ಕಿರ್ತೀನಾ? ಬಾಗ್ಲು ಮುರ್ದಾದ್ರೂ ಒಳಗ್ ಬರ್ತೀನಿ. ಈಗ ಏಳಿ, ಉಣ್ಣಾನ.’

ಉಂಡೆ ಚೈತ್ರ. ಹಿದುಕಿದ ಅವರೆಬೇಳೆ ಸಾರು, ಮುದ್ದೆ. ಸಾಕು ಅನ್ನುವ ಮೊದಲೇ ಇನ್ನೊಂದು ಮುದ್ದೆ ಹಾಕಿದರು, ಅದನ್ನೂ ಉಂಡೆ. ನಿನ್ನ ಮನೆಯ ಒಪ್ಪಿಗೆಯ ಊಟವನ್ನು ನಾನು ನಿನ್ನ ಪಕ್ಕದ ಮನೆಯಲ್ಲಿ ಮಾಡಿ ಬಂದಿದ್ದೇನೆ. ಊರಿಗೆ ಬಂದಾಗ ಅಣ್ಣ ಅಂಗಡಿಯ ಮುಂದೆ ಕಾಯುತ್ತಾ ನಿಂತಿದ್ದ. ‘ಉಂಡ್ಯಾ?’ ಅಂದ. ‘ನೋಡ್ಬುಟ್ಟು ಉಂಡೆ’ ಅಂದೆ.

ನೀನು ಬರೆದ ಹಾಗೇ ಮುಂಗಡ ಕೊಟ್ಟಾಗಿದೆ ಎಂದು ಆದಿಲಕ್ಷ್ಮಮ್ಮನಿಂದ ತಿಳಿಯಿತು. ನನ್ನನ್ನು ಕಾಯದೆ ಕೊಟ್ಟೆಯಲ್ಲ, ಒಳ್ಳೆಯದು ಮಾಡಿದೆ.

ನಿನ್ನ ಗಂಡ ಅನ್ನಿಸಿಕೊಂಡವನು ಮತ್ತೆ ವಸಂತನಿಗೆ ಫೋನು ಮಾಡಿದ್ದ. ಈ ಸಲ ಫೋನನ್ನು ನಾನೇ ಇಸಿದುಕೊಂಡು, ‘ನನ್ ಮಗ್ಳು ಸ್ವಂತ ಮನೆ ತಗಂಡವ್ಳೆ’ ಅಂತ ಹೇಳಿ ಇಟ್ಟೆ. ಸ್ಪೀಕರಿನಲ್ಲೇ ಇತ್ತು. ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು, ಕೇಳಿಸಿಕೊಳ್ಳಲಿ.

ಮಾಘದಲ್ಲಿ ದಿನ ನೋಡಿಸಿದ್ದೇನೆ. ಪೂಜೆಗೆ ಜೋಡಿ ಬೇಕೇಬೇಕು ಅಂದರೆ ವಸಂತ, ನವ್ಯಶ್ರೀ ಕೂರುತ್ತಾರೆ. ಹಾಲು ಉಕ್ಕಿಸುವವಳು ನೀನೇ. ನಾನು ಹಸಿದುಕೊಂಡು ಬರುತ್ತೇನೆ. ಹಿತ್ತಲ ಮರದ್ದೇ ನುಗ್ಗೆಕಾಯಿ ಕಿತ್ತು ಸಾರು ಮಾಡು.

ನಾನು ಮನೆ ನೋಡಿ ಆಯಿತು. ನೀನಿನ್ನು ಒಲೆ ಹಚ್ಚು.

ನಿನ್ನ ಅಮ್ಮ,
ಭಾಗ್ಯಮ್ಮ